ಎಡನೀರಿನ ಭೂಮಿ, ಉಡುಪಿಯ ಬ್ಯಾಂಕು, ಪುತ್ತೂರಿನ ಅಡಿಕೆ

ಕಾಸರಗೋಡಿನ ಚೆರ್ಕಳದಿಂದ ಬದಿಯಡ್ಕದ ಕಡೆಗೆ ಹೊರಟರೆ ಎಡನೀರು ಸಿಗುತ್ತದೆ. ಯಕ್ಷಗಾನ ಬಲ್ಲವರಿಗೆ ಅದು ಕಲಾವಿದರನ್ನು ಪೊರೆದ ಮಠ. ಅಲ್ಲಿನ ಸ್ವಾಮೀಜಿಯವರೇ ಭಾಗವತಿಕೆಗೆ ಕುಳಿತುಕೊಳ್ಳುತ್ತಿದ್ದರು. ಕಾನೂನು ಓದಿದವರು ಆ ಹೆಸರನ್ನು ಬೇರೊಂದು ಕಾರಣಕ್ಕೆ ನೆನೆಯುತ್ತಾರೆ. 1970ರಲ್ಲಿ, ಇನ್ನೂ ಮೂವತ್ತು ತುಂಬದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾಯ್ದೆಯಿಂದ ಮಠದ ಜಮೀನನ್ನು ಉಳಿಸಿಕೊಳ್ಳಲು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ಇತ್ಯರ್ಥವಾಗುವ ಮೊದಲೇ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿಗಳ ಮೇಲೆ ತಿದ್ದುಪಡಿ ತಂದಿತು. ಜಮೀನಿನ ದಾವೆಯಾಗಿ ಶುರುವಾದದ್ದು, ಜನ ಆರಿಸಿದ ಸಂಸತ್ತು ಸಂವಿಧಾನದಲ್ಲಿ ಏನನ್ನು ಬೇಕಾದರೂ ಬದಲಿಸಬಹುದೇ ಎಂಬ ಪ್ರಶ್ನೆಯಾಗಿ ಬೆಳೆಯಿತು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು, 7–6ರ ಕೂದಲೆಳೆಯ ಅಂತರದಲ್ಲಿ ತೀರ್ಪು ಬಂತು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ.

ಜಮೀನು ಮಠಕ್ಕೆ ಮರಳಲಿಲ್ಲ.

ಬಂಡವಾಳಶಾಹಿ, ಸಮಾಜವಾದ, ಪ್ರಜಾಪ್ರಭುತ್ವ — ಈ ಮೂರರಲ್ಲಿ ಯಾವುದು ಮೇಲು ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಈ ಮೊಕದ್ದಮೆ ನೆನಪಾಗುತ್ತದೆ. ಪಠ್ಯಪುಸ್ತಕಗಳು ಮೂರನ್ನೂ ಸಾಲಾಗಿ ನಿಲ್ಲಿಸಿ, ಒಂದೊಂದರ ಕೆಳಗೆ ಗುಣ, ದೋಷ ಎಂದು ಬರೆಸುತ್ತವೆ. ನಾವೂ ಹಾಗೆಯೇ ಬರೆದು ಅಂಕ ಪಡೆದವರು. ಆದರೆ ಎಡನೀರಿನ ಕಡತದಲ್ಲಿ ಮೂರೂ ಒಂದೇ ದಾರದಲ್ಲಿ ಕಟ್ಟಿಕೊಂಡಿವೆ: ನನ್ನ ಆಸ್ತಿ ನನ್ನದು ಎಂಬ ಹಕ್ಕು, ಉಳುವವನಿಗೆ ನೆಲ ಸಿಗಬೇಕೆಂಬ ನ್ಯಾಯ, ಬಹುಮತ ಪಡೆದ ಸರ್ಕಾರ ಎಲ್ಲಿ ನಿಲ್ಲಬೇಕು ಎಂಬ ಗೆರೆ. ಆಸ್ತಿಯ ಹಕ್ಕಿಗಾಗಿ ಹೋರಾಡಿದವರು ಆಸ್ತಿಯನ್ನು ಕಳೆದುಕೊಂಡರು. ಅದೇ ಹೋರಾಟದಿಂದ ಹುಟ್ಟಿದ ತತ್ವವು 1975ರ ನವೆಂಬರಿನಲ್ಲಿ, ತುರ್ತು ಪರಿಸ್ಥಿತಿಯ ನಡುವೆಯೇ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದ ಕೈಗೆ ಸಿಗದಂತೆ ಮಾಡಿದ್ದ ತಿದ್ದುಪಡಿಯನ್ನು ಹೊಡೆದುಹಾಕಿತು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ, ಸಂಸತ್ತಿಗೆ ಮಿತಿಯಿಲ್ಲದ ಅಧಿಕಾರ ಕೊಟ್ಟುಕೊಂಡಿದ್ದ ಇನ್ನೊಂದು ತಿದ್ದುಪಡಿಯೂ ಅದರ ಮುಂದೆ ಬಿತ್ತು.

ನನ್ನ ಮಟ್ಟಿಗೆ ಮೊದಲೆರಡು ಪದ್ಧತಿಗಳು ನೆಲ ಯಾರದ್ದು, ದುಡಿಮೆಯ ಫಲ ಯಾರಿಗೆ ಎಂಬ ಪ್ರಶ್ನೆಗೆ ಸಿಕ್ಕ ಬೇರೆ ಬೇರೆ ಉತ್ತರಗಳು. ಆ ಉತ್ತರವನ್ನು ಯಾರು ಕೊಡಬೇಕು, ಕೊಟ್ಟದ್ದು ತಪ್ಪಾದರೆ ಯಾರು ತಿದ್ದಬೇಕು ಎಂಬುದು ಮೂರನೆಯದರ ವಿಷಯ. ಹೀಗಾಗಿ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ಒಂದನ್ನು ಆರಿಸಿಕೊಳ್ಳಿ ಎನ್ನುವುದು ನನಗೆ ಹಿಡಿಸುವುದಿಲ್ಲ. ಈ ಅಭಿಪ್ರಾಯ ಮೂಡಿದ್ದು ಸಿದ್ಧಾಂತದ ಓದಿನಿಂದ ಕಡಿಮೆ, ನಮ್ಮ ಕರಾವಳಿಯ ಗದ್ದೆ, ತೋಟ, ಬ್ಯಾಂಕುಗಳ ಚರಿತ್ರೆಯಿಂದ ಹೆಚ್ಚು.

ಹಳೆಯ ದಕ್ಷಿಣ ಕನ್ನಡದಲ್ಲಿ ನೆಲವೆಂದರೆ ಗೇಣಿ. ಮೂಲಗೇಣಿಯವನಿಗೆ ಒಂದಿಷ್ಟು ಭದ್ರತೆಯಿತ್ತು; ಚಾಲಗೇಣಿಯವನನ್ನು ಧಣಿಗಳು ಮನಸ್ಸು ಬಂದಾಗ ಎಬ್ಬಿಸಬಹುದಿತ್ತು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಮಾತಾದರೆ, ಮಳೆ ಕೈಕೊಟ್ಟರೂ ಅಷ್ಟನ್ನು ಧಣಿಗಳ ಅಂಗಳಕ್ಕೆ ಹೊತ್ತು ಹಾಕಲೇಬೇಕು. ಅದರ ಮೇಲೆ ಹಬ್ಬಕ್ಕೆ ಬಾಳೆಗೊನೆ, ತರಕಾರಿ. ಅಕ್ಕಿ ಅಳೆದುಕೊಂಡದ್ದಕ್ಕೆ ಚೀಟಿ ಕೇಳುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ. ಇದನ್ನು ಬಂಡವಾಳಶಾಹಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿ ಪೈಪೋಟಿ ಇರಲಿಲ್ಲ, ಒಪ್ಪದಿದ್ದರೆ ಬೇರೆ ಕಡೆ ಹೋಗುವ ಸ್ವಾತಂತ್ರ್ಯ ಹೆಸರಿಗಷ್ಟೇ ಇತ್ತು. ಮಾರುಕಟ್ಟೆಯನ್ನು ಹೊಗಳುವವರೂ ಇಂತಹ ವ್ಯವಸ್ಥೆಯನ್ನು ಸಮರ್ಥಿಸಲಾರರು.

ಆಗ ಇದೇ ಜಿಲ್ಲೆಯ ಕಾಸರಗೋಡು ತಾಲ್ಲೂಕಿನಲ್ಲಿದ್ದ ಕಯ್ಯೂರಿನಲ್ಲಿ 1941ರ ಮಾರ್ಚ್‌ನಲ್ಲಿ ರೈತರ ಮೆರವಣಿಗೆಯ ವೇಳೆ ಒಬ್ಬ ಪೊಲೀಸ್ ಹೊಳೆಯಲ್ಲಿ ಮುಳುಗಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರು ಯುವಕರನ್ನು ಗಲ್ಲಿಗೇರಿಸಿದರು. ಹದಿನಾಲ್ಕೇ ವರ್ಷ ಕಳೆಯುವಷ್ಟರಲ್ಲಿ, ರಾಜ್ಯಗಳ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಅದೇ ಊರಿನ ಜನ ಮತ ಹಾಕಿದರು. 1957ರ ಏಪ್ರಿಲ್‌ನಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರ ಬಂತು. ಬಂದ ಒಂದು ವಾರದೊಳಗೆ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಬಿತ್ತು. ಗಲ್ಲುಗಂಬದಿಂದ ಮತಪೆಟ್ಟಿಗೆಗೆ ಬಂದ ಈ ಹದಿನಾಲ್ಕು ವರ್ಷಗಳ ನಡಿಗೆ ನನಗೆ ಇಂದಿಗೂ ದೊಡ್ಡ ಸೋಜಿಗ. 1959ರ ಜುಲೈ 31ರಂದು ಆ ಸರ್ಕಾರವನ್ನು ವಜಾ ಮಾಡಿದ್ದೂ ಪ್ರಜಾಪ್ರಭುತ್ವದ ಹೆಸರಿನಲ್ಲೇ ಎಂಬುದನ್ನು ಮರೆಯಬಾರದು. ವಜಾ ಮಾಡಿದ ಕೈ ಕೂಡ ಮತದಿಂದಲೇ ಬಂದದ್ದು.

ಗಡಿಯ ಈಚೆ ನಮ್ಮಲ್ಲಿ ಬದಲಾವಣೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಿಸಿ ಹಕ್ಕು ಕೊಡಬೇಕು. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಶನ್ ಹಾಕುವುದು’ ಎಂದೇ ಹೆಸರು. ಇಂದಿಗೂ ಹಿರಿಯರು ‘ಅದು ಡಿಕ್ಲರೇಶನ್ ಆದ ಜಾಗ’ ಎಂದೇ ಗುರುತು ಹೇಳುತ್ತಾರೆ.

ನನ್ನ ಅಜ್ಜ ಚಾಲಗೇಣಿಯ ಒಕ್ಕಲು. ಅವರ ನಮೂನೆ 7ರ ಪ್ರತಿ ನಮ್ಮ ಮನೆಯಲ್ಲಿದೆ: ಸರ್ವೆ ನಂಬರು, ವಿಸ್ತೀರ್ಣ, ಧಣಿಗಳ ಹೆಸರು, ಕೊಡುತ್ತಿದ್ದ ಗೇಣಿ, ಕೊನೆಗೆ ಅಜ್ಜನ ಹೆಬ್ಬೆಟ್ಟು. ಅರ್ಜಿ ಹಾಕಲು ಅವರು ತಿಂಗಳುಗಟ್ಟಲೆ ಹಿಂದೆಮುಂದೆ ನೋಡಿದರಂತೆ. ಭಯಕ್ಕಿಂತ ದಾಕ್ಷಿಣ್ಯ ದೊಡ್ಡದಾಗಿತ್ತು. ಮಗಳ ಮದುವೆಗೆ ಧಣಿಗಳು ಅಕ್ಕಿ ಕೊಟ್ಟಿದ್ದರು. ಅಜ್ಜಿ ಒಂದೇ ಮಾತು ಹೇಳಿದರಂತೆ: “ಅಕ್ಕಿ ಬೆಳೆದವರು ನಾವೇ ಅಲ್ಲವಾ?” ವಿಚಾರಣೆಯ ದಿನ ಮಂಡಳಿಯ ಮುಂದೆ ಅಸಿಸ್ಟೆಂಟ್ ಕಮಿಷನರರು, ಊರ ಕಡೆಯ ಸದಸ್ಯರು. ಆಗ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಚೀಟಿ ಇಲ್ಲದ ಅಜ್ಜನನ್ನು ಅವರು ಕೇಳಿದ್ದು ಗದ್ದೆಯ ಪ್ರಶ್ನೆಗಳನ್ನು: ಯಾವ ಬದುವಿನ ಆಚೆ ಯಾರ ಗದ್ದೆ, ನೀರು ಯಾವ ಕಡೆಯಿಂದ ಬರುತ್ತದೆ, ಏಣೆಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಯಾವ ಬೀಜ ಹಾಕುತ್ತೀರಿ. ಧಣಿಗಳ ಕಡೆಯವರಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಅಕ್ಷರ ಬಾರದವನ ತಿಳಿವಳಿಕೆಯೇ ಸಾಕ್ಷ್ಯವಾಗಿ ನಿಂತ ಆ ಅರ್ಧ ಗಂಟೆಯನ್ನು ನಾನು ಪ್ರಜಾಪ್ರಭುತ್ವ ಎಂದು ಕರೆಯುತ್ತೇನೆ. ಮತ ಹಾಕುವುದು ಅದರ ಒಂದು ಭಾಗ ಮಾತ್ರ.

ಇನ್ನು ಆ ಕಾನೂನು ಮಾಡಿದ್ದು ಸಮಾಜವಾದವೇ? ಸರ್ಕಾರ ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಕೊಟ್ಟಿತು, ಆ ಮಟ್ಟಿಗೆ ಹೌದು. ಆದರೆ ಕೊಟ್ಟದ್ದು ಖಾಸಗಿ ಒಡೆತನವನ್ನು. ಗೇಣಿದಾರ ಪಟ್ಟಾದಾರನಾದ, ಗದ್ದೆಯ ಒಂದು ಪಾಲು ಅಡಿಕೆ ತೋಟವಾಯಿತು, ಬ್ಯಾಂಕು ಸಾಲ ಕೊಟ್ಟಿತು, ಮಕ್ಕಳು ಓದಿ ಮುಂಬೈಗೆ, ಕೊಲ್ಲಿಗೆ ಹೋದರು. ಸೋವಿಯತ್ ಒಕ್ಕೂಟದಲ್ಲಿ 1929ರ ನಂತರ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ರೈತನ ಹೊಲ, ಹಸು, ಬಿತ್ತನೆಯ ಬೀಜ ಎಲ್ಲವೂ ಸಾಮೂಹಿಕ ಕೃಷಿಗೆ ಹೋದವು. 1932–33ರಲ್ಲಿ ಉಕ್ರೇನಿನಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತಾಗ ಅದನ್ನು ಬರೆಯುವ ಪತ್ರಿಕೆ ಆ ದೇಶದಲ್ಲಿರಲಿಲ್ಲ, ಸದನದಲ್ಲಿ ಎದ್ದು ಕೇಳುವ ವಿರೋಧ ಪಕ್ಷವೂ ಇರಲಿಲ್ಲ. ಎರಡಕ್ಕೂ ಭೂಸುಧಾರಣೆ ಎಂದೇ ಹೆಸರಿಡಬಹುದು. ಬದುಕಿದವರ ಅನುಭವ ಮಾತ್ರ ಬೇರೆ ಬೇರೆ ಲೋಕದ್ದು.

ನಮ್ಮ ಸುಧಾರಣೆಯ ಗಾಯಗಳನ್ನೂ ಹೇಳಬೇಕು. ಎರಡೇ ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ಬದುಕುತ್ತಿದ್ದ ವಿಧವೆಯರು ದೊಡ್ಡ ಧಣಿಗಳ ಜೊತೆಗೇ ನೆಲ ಕಳೆದುಕೊಂಡರು. ಕಾನೂನು ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಇಟ್ಟಿತು, ಇವರನ್ನು ಬಿಟ್ಟಿತು. ಅದಕ್ಕಿಂತ ಆಳದ ಗಾಯ ಇನ್ನೊಂದು. ಅಜ್ಜನ ಗದ್ದೆಯಲ್ಲಿ ನಾಟಿ ಮಾಡಿ, ಕೊಯ್ದು, ಹೊತ್ತವರು ಗೇಣಿದಾರರಾಗಿರಲಿಲ್ಲ, ಕೂಲಿಯವರಾಗಿದ್ದರು. ನಿಜವಾಗಿ ಕೆಸರಿಗಿಳಿದವರು ಅವರು, ಹೆಚ್ಚಿನವರು ದಲಿತರು. ಉಳುವವನೇ ಹೊಲದೊಡೆಯ ಎಂಬ ಘೋಷಣೆಯಲ್ಲಿ ಅವರ ಪಾಲಿಗೆ ಬಂದದ್ದು ಬಹುತೇಕ ಐದು ಸೆಂಟ್ಸ್ ಮನೆ ನಿವೇಶನ. ಕರಾವಳಿಯ ಆದಿವಾಸಿಗಳಾದ ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಅವರ ಕೈಗೆ ಮತ ಬಂದು ಅರ್ಧ ಶತಮಾನವೇ ಆಗಿತ್ತು. ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲೂ ಆರ್ಥಿಕತೆಯಲ್ಲೂ ಅಸಮಾನತೆ — ಈ ವಿರೋಧಾಭಾಸವನ್ನು ಬೇಗ ನೀಗಿಸದಿದ್ದರೆ ಕಟ್ಟಿದ್ದೆಲ್ಲ ಸ್ಫೋಟಗೊಳ್ಳುತ್ತದೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಐದು ಸೆಂಟ್ಸಿನ ಮನೆಗಳ ಮುಂದೆ ಹಾದುಹೋಗುವಾಗ ನನಗೆ ಆ ಮಾತು ಚರಿತ್ರೆ ಎನಿಸುವುದಿಲ್ಲ.

ನನ್ನನ್ನು ಬಹಳ ಕಾಡಿದ ಸಂಗತಿಯೊಂದಿದೆ. ನ್ಯಾಯಮಂಡಳಿಗಳು ಭರದಿಂದ ಕೆಲಸ ಮಾಡಿದ ವರ್ಷಗಳಲ್ಲಿ 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತು ಪರಿಸ್ಥಿತಿಯೂ ಸೇರಿದೆ. ಊರಿನಲ್ಲಿ ಕೆಲವರು ಇಂದಿಗೂ ಹೇಳುತ್ತಾರೆ: ಎಮರ್ಜೆನ್ಸಿ ಇಲ್ಲದಿದ್ದರೆ ಧಣಿಗಳು ಬಿಡುತ್ತಿರಲಿಲ್ಲ, ಬಡವನಿಗೆ ಬಲವಾದ ಕೈಯೇ ಬೇಕು. ನಾನು ಇದನ್ನು ಒಪ್ಪುವುದಿಲ್ಲ. ಕಾನೂನು ರೂಪುಗೊಂಡದ್ದು ಅದಕ್ಕೆ ಮೊದಲೇ, ಚುನಾಯಿತ ವಿಧಾನಸಭೆಯಲ್ಲಿ. ಡಿಕ್ಲರೇಶನ್ ಹಾಕುವ ಅವಧಿ 1979ರ ಜೂನ್ 30ರವರೆಗೆ ತೆರೆದಿತ್ತು. ಮಂಡಳಿಯ ಕೆಲಸ ಅದರಾಚೆಗೂ ನಡೆಯಿತು. ಬಲವಾದ ಕೈ ಕೊಟ್ಟದ್ದನ್ನು ಬಲವಾದ ಕೈಯೇ ಕಿತ್ತುಕೊಳ್ಳಬಹುದು. ಆಗ ಕೇಳಲು ಯಾವ ಬಾಗಿಲೂ ಇರುವುದಿಲ್ಲ.

ಚಿಲಿ ದೇಶದ ಜನ ಇದನ್ನು ಕಂಡವರು. 1970ರಲ್ಲಿ ಅವರು ಅಯೆಂದೆಯವರನ್ನು, ಒಬ್ಬ ಸಮಾಜವಾದಿಯನ್ನು, ಚುನಾವಣೆಯಲ್ಲೇ ಆರಿಸಿದರು. ಮರುವರ್ಷ ತಾಮ್ರದ ಗಣಿಗಳ ರಾಷ್ಟ್ರೀಕರಣಕ್ಕೆ ಅಲ್ಲಿನ ಸಂಸತ್ತು ಅವಿರೋಧವಾಗಿ ಒಪ್ಪಿತು. ಎಡನೀರಿನ ತೀರ್ಪು ಬಂದ ವರ್ಷವೇ, 1973ರ ಸೆಪ್ಟೆಂಬರ್ 11ರಂದು, ಸೈನ್ಯ ಅಧಿಕಾರ ಕಸಿದುಕೊಂಡಿತು. ಸೇನಾಧಿಪತಿ ಪಿನೊಚೆಯ ಆಡಳಿತ ಮುಕ್ತ ಮಾರುಕಟ್ಟೆಯ ಮಂತ್ರ ಜಪಿಸಿತು. ಸಾವಿರಾರು ಜನರನ್ನು ಕೊಂದಿತು, ಕಾಣೆಯಾಗಿಸಿತು. ಅದೇ ಆಡಳಿತ ತಾಮ್ರದ ಆ ದೊಡ್ಡ ಗಣಿಗಳನ್ನು ಮಾತ್ರ ಸರ್ಕಾರದ ಕೈಯಲ್ಲೇ ಉಳಿಸಿಕೊಂಡಿತು. ಗಣಿ ಸರ್ಕಾರದ್ದೇ ಆಗಿದ್ದರೂ ಸರ್ಕಾರ ಜನರದ್ದಾಗಿರಲಿಲ್ಲ.

ಬ್ಯಾಂಕುಗಳ ವಿಷಯದಲ್ಲಿ ನಮ್ಮ ಜಿಲ್ಲೆಗೂ ಇದರ ಒಂದು ಸಣ್ಣ ಅನುಭವವಿದೆ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಹುಟ್ಟಿತು. ಕಾರ್ಪೊರೇಶನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು 1925ರಲ್ಲಿ ಉಡುಪಿಯಲ್ಲಿ ಕಟ್ಟಿದವರು ಉಪೇಂದ್ರ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಟಿ.ಎಂ.ಎ. ಪೈ; ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು: ದಿನಕ್ಕೆ ಎರಡಾಣೆ, ಬ್ಯಾಂಕಿನ ಏಜೆಂಟ್ ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವುದು. ಮೀನು ಮಾರುವ ಹೆಂಗಸಿನ ಎರಡಾಣೆಯೂ ಬಂಡವಾಳವಾಗಬಹುದೆಂದು ಕಂಡುಕೊಂಡ ಆ ಬುದ್ಧಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಲಾಭಕ್ಕಾಗಿಯೇ ನಡೆದ ವ್ಯವಹಾರ ಅದು. ಆದರೂ ಯಾವ ಸರ್ಕಾರವೂ ಹೋಗದಿದ್ದ ಮನೆಗಳ ಬಾಗಿಲಿಗೆ ಹೋಯಿತು. ನಮ್ಮ ಮನೆಗೆ ಬರುತ್ತಿದ್ದ ಪಿಗ್ಮಿಯವರು ಸೈಕಲ್ಲನ್ನು ಗೇಟಿಗೆ ಒರಗಿಸಿ, ಅಮ್ಮನ ಪುಸ್ತಕದಲ್ಲಿ ಅಂದಿನ ಮೊತ್ತ ಬರೆದು, ಒಂದು ಲೋಟ ನೀರು ಕುಡಿದು ಹೋಗುತ್ತಿದ್ದರು. ಅಮ್ಮನ ಹೆಸರಿನಲ್ಲಿದ್ದ ಮೊದಲ ದುಡ್ಡು ಅದು.

1969ರ ಜುಲೈ 19ರಂದು ದೇಶದ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ಕಾರ್ಪೊರೇಶನ್ ಮತ್ತು ವಿಜಯಾ ಬ್ಯಾಂಕುಗಳ ಸರದಿ 1980ರಲ್ಲಿ ಬಂತು. ಹಳ್ಳಿಗಳಲ್ಲಿ ಶಾಖೆಗಳು ತೆರೆದವು, ರೈತನಿಗೆ ಸಾಲ ಸಿಕ್ಕಿತು. ಡಿಕ್ಲರೇಶನ್ ಆದ ಜಾಗಕ್ಕೆ ಪಂಪ್‌ಸೆಟ್ ಬಂದದ್ದು ಆ ಸಾಲದಿಂದಲೇ. ಆದರೂ ಒಂದು ಮಾತು ಹೇಳದೆ ಬಿಡಲಾರೆ. 1969ರ ನಿರ್ಧಾರ ಬಂದದ್ದು ಸಂಸತ್ತಿನ ಅಧಿವೇಶನಕ್ಕೆ ಎರಡು ದಿನ ಮೊದಲು, ಸುಗ್ರೀವಾಜ್ಞೆಯಾಗಿ. ಐವತ್ತು ವರ್ಷಗಳ ನಂತರ, 2019ರ ಏಪ್ರಿಲ್ 1ರಂದು, ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲೂ ಕರಗಿಹೋದವು. ಕರಾವಳಿಯ ಜನ ಬೇಸರಪಟ್ಟರು, ಪ್ರತಿಭಟಿಸಿದರು, ಏನೂ ನಡೆಯಲಿಲ್ಲ. ತೆಗೆದುಕೊಂಡಾಗ ಸಮಾಜವಾದದ ಮಾತಿತ್ತು, ಬೆಸೆದಾಗ ದಕ್ಷತೆಯ ಮಾತಿತ್ತು. ಎರಡಾಣೆ ಕಟ್ಟಿದವರನ್ನು ಎರಡು ಸಲವೂ ಯಾರೂ ಕೇಳಲಿಲ್ಲ. ಸರ್ಕಾರದ ಒಡೆತನ ತಾನಾಗಿಯೇ ಜನರ ಒಡೆತನವಾಗುವುದಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಇದಕ್ಕೆ ಹೋಲಿಸಿ ನೋಡಲು ನಮ್ಮಲ್ಲಿ ಕ್ಯಾಂಪ್ಕೊ ಇದೆ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ನೆಲ ಕಚ್ಚಿದಾಗ, ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟು ಬರುವುದರ ಹೊರತು ಬೆಳೆಗಾರನಿಗೆ ದಾರಿಯಿರಲಿಲ್ಲ. 1973ರ ಜುಲೈನಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಈ ಸಹಕಾರಿ ಸಂಸ್ಥೆ ಕಟ್ಟಿದರು. ಮುಂದೆ, ಕೊಕ್ಕೊ ಬೆಳೆಯಿರಿ ಎಂದು ಹುರಿದುಂಬಿಸಿದ್ದ ಕೊಳ್ಳುವವರೇ ಹಿಂದೆ ಸರಿದು ಹಣ್ಣು ತೋಟದಲ್ಲಿ ಕೊಳೆಯತೊಡಗಿದಾಗ ಇದೇ ಸಂಸ್ಥೆ ಕೊಳ್ಳಲು ನಿಂತಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ತಲೆಯೆತ್ತಿತು.

ಕ್ಯಾಂಪ್ಕೊ ಶಾಖೆಗೆ ಅಡಿಕೆ ಕೊಂಡುಹೋದವರಿಗೆ ಅಲ್ಲಿನ ಕ್ರಮ ಗೊತ್ತು. ಗೋಣಿ ಬಿಚ್ಚಿ ನೆಲಕ್ಕೆ ಸುರಿದ ಮೇಲೆ ನೋಡುವವರು ಕೈಯಾಡಿಸಿ, ಒಂದೆರಡನ್ನು ಒಡೆದು ಒಳಗಿನ ಬಣ್ಣ ನೋಡುತ್ತಾರೆ. ಚಾಲಿ ಬೇರೆ, ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ. ದರ ಗೋಡೆಯ ಮೇಲಿದೆ. ತಕರಾರಿದ್ದರೆ ಅಲ್ಲೇ ಮಾತಾಡಬಹುದು, ಸದಸ್ಯನಾಗಿದ್ದರೆ ಮಹಾಸಭೆಯಲ್ಲಿ ಎದ್ದು ನಿಲ್ಲಬಹುದು. ಹತ್ತು ಎಕರೆಯವನಿಗೂ ಅರ್ಧ ಎಕರೆಯವನಿಗೂ ಅಲ್ಲಿ ಒಂದೇ ಮತ. ಪಕ್ಕದಲ್ಲೇ ಖಾಸಗಿ ಅಂಗಡಿಯೂ ಇದೆ. ಬೆಲೆ ಹೆಚ್ಚು ಸಿಕ್ಕಿದರೆ ಅಲ್ಲಿಗೇ ಕೊಡಬಹುದು. ನಿಜ ಹೇಳಬೇಕೆಂದರೆ ಖಾಸಗಿಯವರ ದರ ಕುಸಿಯದಂತೆ ಹಿಡಿದಿರುವುದು ಈ ಸಂಸ್ಥೆ, ಈ ಸಂಸ್ಥೆ ಮೈಮರೆಯದಂತೆ ನೋಡಿಕೊಳ್ಳುವುದು ಖಾಸಗಿಯವರು. ಸಹಕಾರಿ ಚುನಾವಣೆಗಳಲ್ಲಿ ರಾಜಕೀಯ ಪಕ್ಷಗಳ ನೆರಳು ಬಿದ್ದಿದೆ, ಮಹಾಸಭೆಗಳಿಗೆ ಬರುವವರು ಕಡಿಮೆಯಾಗಿದ್ದಾರೆ, ತೋಟದ ಕೂಲಿಯವರಿಗೆ ಇಲ್ಲಿಯೂ ಸದಸ್ಯತ್ವವಿಲ್ಲ. ಇಷ್ಟಿದ್ದರೂ, ಮಾರುಕಟ್ಟೆಯನ್ನು ಬಿಡದೆ, ಸರ್ಕಾರದ ಕೈಗೆ ಎಲ್ಲವನ್ನೂ ಒಪ್ಪಿಸದೆ, ದುಡಿದವನ ಮಾತಿಗೆ ಬೆಲೆ ಬರುವ ಹಾಗೆ ಕಟ್ಟಬಹುದು ಎಂಬುದಕ್ಕೆ ನನ್ನ ಕಣ್ಣೆದುರಿನ ಸಾಕ್ಷಿ ಇದು. ನನ್ನ ಒಲವು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಇದನ್ನೇ ತೋರಿಸುತ್ತೇನೆ.

2020ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಅದೇ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ತಡೆ ಹೋಯಿತು. ಇದರ ಪರವಾದ ವಾದಗಳನ್ನು ನಾನು ತಳ್ಳಿಹಾಕುವುದಿಲ್ಲ. ಕೃಷಿ ಬಿಟ್ಟು ಹೋಗುವವನಿಗೆ ಒಳ್ಳೆಯ ಬೆಲೆ ಸಿಗಬಾರದೇಕೆ ಎಂದು ನನ್ನ ಚಿಕ್ಕಪ್ಪನ ಮಗನೇ ಕೇಳುತ್ತಾನೆ, ಅವನ ಸಾಲದ ಲೆಕ್ಕ ನನಗೂ ಗೊತ್ತು. ನನಗೆ ನೋವಾದದ್ದು ಬಂದ ರೀತಿಗೆ: ಕೊರೊನಾ ಕಾಲ, ಸಭೆ ಸೇರುವಂತಿಲ್ಲ, ಅಂತಹ ಹೊತ್ತಿನಲ್ಲಿ ಸುಗ್ರೀವಾಜ್ಞೆ. ಸುಗ್ರೀವಾಜ್ಞೆ ಎಂಬುದೇ ಕೆಟ್ಟದ್ದೆಂದು ನಾನು ಹೇಳಲಾರೆ. 1957ರಲ್ಲಿ ಕೇರಳದ ಒಕ್ಕಲುಗಳನ್ನು ಉಳಿಸಿದ್ದೂ ಅದೇ. ಆದರೆ ಅದು ನಾಳೆ ಬೆಳಿಗ್ಗೆ ಮನೆಯಿಂದ ಹೊರಬೀಳಲಿದ್ದವರನ್ನು ತಡೆದು ನಿಲ್ಲಿಸಲು ಬಂದದ್ದು. 2020ರಲ್ಲಿ ಅಂತಹ ಅವಸರ ಯಾರಿಗಿತ್ತು? ತಡೆ ಇರಬೇಕೋ ಬೇಡವೋ ಎಂಬುದನ್ನು ನಮ್ಮ ಗ್ರಾಮಸಭೆಯಲ್ಲಿ ಒಂದು ದಿನ ಕುಳಿತು ಮಾತಾಡಿದ್ದರೆ, ಚಿಕ್ಕಪ್ಪನ ಮಗ ಅವನ ಸಾಲದ ವಿಷಯ ಹೇಳುತ್ತಿದ್ದ, ನಾನು ಅಜ್ಜನ ನಮೂನೆಯ ವಿಷಯ ಹೇಳುತ್ತಿದ್ದೆ, ಐದು ಸೆಂಟ್ಸಿನ ಮನೆಯವರು ಇಬ್ಬರನ್ನೂ ಪ್ರಶ್ನಿಸುತ್ತಿದ್ದರು. ಬಹುಶಃ ನಾನೇ ಸೋಲುತ್ತಿದ್ದೆ. ಹಾಗಾಗಿದ್ದರೆ ಆ ಕಾನೂನಿನ ವಿರುದ್ಧ ಇಂದು ನನಗೆ ಇಷ್ಟು ದೂರು ಇರುತ್ತಿರಲಿಲ್ಲ.